ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಮಕ್ಕಳ ಸೈಕಲ್ ಪ್ರವಾಸ: ಒಂದು ದಿನ ನಡೆಸುವ ಬಗೆ

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿಲೋಮೀಟರ್. ರೂಢಿ ಇರುವ ಒಬ್ಬರು ತುಳಿದರೆ ನಾಲ್ಕು ತಾಸಿನ ದಾರಿ. ಹೈಸ್ಕೂಲಿನ 24 ಮಕ್ಕಳನ್ನು ಕಟ್ಟಿಕೊಂಡು ಹೊರಟರೆ ಅದೇ ದಾರಿ ಇಡೀ ದಿನ ತಿನ್ನುತ್ತದೆ. ಮಕ್ಕಳು ನಿಧಾನ ಎಂದು ಹೀಗಾಗುವುದಲ್ಲ; ಹೆಚ್ಚಿನವರು ದೊಡ್ಡವರಿಗಿಂತ ಜೋರಾಗಿಯೇ ತುಳಿಯುತ್ತಾರೆ. ಹೊತ್ತು ಹೋಗುವುದು ನಿಂತಲ್ಲಿ. ಹತ್ತು ನಿಮಿಷ ಎಂದು ನಿಲ್ಲಿಸಿದ್ದು ಇಪ್ಪತ್ತೈದು ನಿಮಿಷವಾಗುತ್ತದೆ. ಒಬ್ಬ ಬಾಟಲಿ ತುಂಬಿಸಲು ಹೋಗಿರುತ್ತಾನೆ, ಇಬ್ಬರು ಚಪ್ಪಲಿ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತಾರೆ, ಇನ್ನೊಬ್ಬಳ ಹೆಲ್ಮೆಟ್ ಸಿಗುವುದಿಲ್ಲ. ಅಂಥ ಆರು ನಿಲುಗಡೆಯಾದರೆ ಒಂದೂವರೆ ತಾಸು ಹೋಯಿತು. ಡಿಸೆಂಬರಿನಲ್ಲಿ ಸಂಜೆ ಆರರ ಹೊತ್ತಿಗೆ ಸೂರ್ಯ ಮುಳುಗುತ್ತದೆ. ಕಾಡಿನ ಅಂಚಿನ ರಸ್ತೆಗೆ ಅದಕ್ಕೂ ಮೊದಲೇ ಕತ್ತಲು ಇಳಿದಿರುತ್ತದೆ. ಆದ್ದರಿಂದ ಕೆಳಗಿನ ಇಡೀ ಯೋಜನೆ ನಿಲುಗಡೆಗಳ ಸುತ್ತಲೇ ಕಟ್ಟಿದ್ದು.

ದಾರಿ ಮತ್ತು ಕಾಲ

ರಾಷ್ಟ್ರೀಯ ಹೆದ್ದಾರಿ 169 ತುಂಗೆಯನ್ನು ಹೆಚ್ಚು ದೂರ ಬಿಡದೆ ಸಾಗುತ್ತದೆ. ಗಾಜನೂರು ಅಣೆಕಟ್ಟು ದಾಟಿ ಸುಮಾರು 14ನೇ ಕಿಲೋಮೀಟರಿಗೆ ಸಕ್ರೆಬೈಲು ಆನೆ ಬಿಡಾರ, ಹೆಚ್ಚುಕಡಿಮೆ ಅರ್ಧ ದಾರಿಗೆ ಮಂಡಗದ್ದೆ. ಸಕ್ರೆಬೈಲಿನ ಆಸುಪಾಸಿನಲ್ಲಿ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು, ತೀರ್ಥಹಳ್ಳಿ ಹತ್ತಿರ ಬಂದಂತೆ ಗದ್ದೆ, ಅಡಿಕೆ ತೋಟ. ಘಾಟಿ ಎನ್ನುವಂಥದ್ದು ಇಲ್ಲ, ಸಣ್ಣ ಸಣ್ಣ ಏರಿಳಿತಗಳು ಮಾತ್ರ. ಹಾಗಾಗಿ ಗೇರ್ ಇಲ್ಲದ ಸೈಕಲ್ಲಿಗೂ ಇದು ಆಗುವ ದಾರಿ. ಸಾಗರದ ರಸ್ತೆ 70 ಕಿಲೋಮೀಟರ್ ದಾಟುತ್ತದೆ, ಮೊದಲ ದಿನಕ್ಕೆ ಅದು ಹೆಚ್ಚಾಯಿತು.

ಡಿಸೆಂಬರ್ ಮತ್ತು ಜನವರಿ ಸರಿಯಾದ ಕಾಲ. ಮಳೆಗಾಲದಲ್ಲಿ ಮಕ್ಕಳನ್ನು ಈ ರಸ್ತೆಗೆ ಇಳಿಸಲೇಬೇಡಿ. ನವೆಂಬರಿನಲ್ಲಿ ಮಧ್ಯಾಹ್ನದ ಮೇಲೆ ಮಳೆ ಬರಬಹುದು, ಮಳೆಗಾಲದ ಗುಂಡಿಗಳೂ ಹಾಗೇ ಇರುತ್ತವೆ. ಮಾರ್ಚ್ ಬಂದರೆ ಹನ್ನೊಂದು ಗಂಟೆಗೇ ಬಿಸಿಲು ಸುಡುತ್ತದೆ. ಒಂದು ಮಾತು: ಮಂಡಗದ್ದೆಯ ನಡುಗಡ್ಡೆಯಲ್ಲಿ ಬೆಳ್ಳಕ್ಕಿ, ನೀರುಕಾಗೆಗಳು ಗೂಡು ಕಟ್ಟುವುದು ಮಳೆಗಾಲದಲ್ಲಿ. ಡಿಸೆಂಬರಿನಲ್ಲಿ ಹಕ್ಕಿ ತೋರಿಸುತ್ತೇವೆ ಎಂದು ಆಸೆ ಹುಟ್ಟಿಸಿ ಕರೆದುಕೊಂಡು ಹೋದರೆ ಮಕ್ಕಳು ಖಾಲಿ ಮರ ನೋಡಿ ನಿಮ್ಮ ಮುಖ ನೋಡುತ್ತಾರೆ.

ಪೋಷಕರ ಸಹಿ ಇರುವ ಒಪ್ಪಿಗೆ ಪತ್ರ, ಶಾಲೆಯ ಮತ್ತು ಇಲಾಖೆಯ ಅನುಮತಿ, ದಾರಿಯ ಪೊಲೀಸ್ ಠಾಣೆಗಳಿಗೆ ಒಂದೊಂದು ಮಾಹಿತಿ ಪತ್ರ: ಇವು ಹದಿನೈದು ದಿನ ಮೊದಲೇ ಮುಗಿದಿರಲಿ. ಒಪ್ಪಿಗೆ ಪತ್ರದಲ್ಲೇ ಉಬ್ಬಸ, ಮೂರ್ಛೆ, ಅಲರ್ಜಿ, ದಿನಾ ತೆಗೆದುಕೊಳ್ಳುವ ಮಾತ್ರೆ ಇವುಗಳ ವಿವರ ಕೇಳಿ. ಮಕ್ಕಳನ್ನೇ ಕೇಳಿದರೆ "ಏನೂ ಇಲ್ಲ ಸರ್" ಎನ್ನುತ್ತಾರೆ, ಕೈಬಿಟ್ಟಾರೆಂಬ ಹೆದರಿಕೆಗೆ.

ಯಾರು ಎಲ್ಲಿ

24 ಮಕ್ಕಳಿಗೆ ಐದು ಜನ ದೊಡ್ಡವರು, ಜೊತೆಗೆ ಗಾಡಿಯ ಚಾಲಕ. ಇದಕ್ಕಿಂತ ಕಡಿಮೆ ದೊಡ್ಡವರಿದ್ದರೆ ಮಕ್ಕಳ ಸಂಖ್ಯೆ ಇಳಿಸಿ. ಒಬ್ಬರು ಎಲ್ಲರಿಗಿಂತ ಮುಂದೆ, ಒಬ್ಬರು ಎಲ್ಲರಿಗಿಂತ ಹಿಂದೆ, ಇಬ್ಬರು ನಡುವೆ, ಐದನೆಯವರು ಗಾಡಿಯಲ್ಲಿ. ಹುಡುಗಿಯರಿದ್ದರೆ ದೊಡ್ಡವರಲ್ಲಿ ಕನಿಷ್ಠ ಇಬ್ಬರು ಮಹಿಳೆಯರು, ಒಬ್ಬರಾದರೂ ಸೈಕಲ್ ಮೇಲೆಯೇ ಇರಬೇಕು. ಎಲ್ಲರಿಗಿಂತ ಹಿಂದೆ ಬರುವವರಿಗೆ ರಿಪೇರಿ ಗೊತ್ತಿರಬೇಕು. ಕೆಟ್ಟ ಸೈಕಲ್ ಕೊನೆಗೆ ಸೇರುವುದು ಅವರ ಹತ್ತಿರವೇ. ಮುಂದಿನವರಿಗೆ ಬೇಕಾದದ್ದು ತಾಳ್ಮೆ. ಶಾಲೆಯ ದೈಹಿಕ ಶಿಕ್ಷಕರು ಗಟ್ಟಿಗರು ಎಂದು ಅವರನ್ನೇ ಮುಂದೆ ಬಿಡುವುದು ವಾಡಿಕೆ. ಅವರು ತಮಗೆ ಸರಿಕಂಡ ವೇಗದಲ್ಲಿ ಹೋದರೆ ಐದೇ ಕಿಲೋಮೀಟರಿಗೆ ಸಾಲು ಹರಿದು ಹಂಚಿಹೋಗುತ್ತದೆ. ಸಮತಟ್ಟಿನಲ್ಲಿ ತಾಸಿಗೆ 13ರಿಂದ 14 ಕಿಲೋಮೀಟರ್, ಏರಿನಲ್ಲಿ ಎಷ್ಟಾದರೆ ಅಷ್ಟು. ಅದಕ್ಕಿಂತ ಮೇಲೆ ಹೋಗಬಾರದು.

ಆರಾರು ಮಕ್ಕಳ ನಾಲ್ಕು ತಂಡ ಮಾಡಿ. ತಂಡದಿಂದ ತಂಡಕ್ಕೆ ನೂರು ಮೀಟರಿನಷ್ಟು ಬಿಡುವು. 24 ಸೈಕಲ್ ಒಂದೇ ಸಾಲಿನಲ್ಲಿ ಹೋದರೆ ಹಿಂದಿನ ಬಸ್ಸಿಗೆ ಓವರ್‌ಟೇಕ್ ಮಾಡಲು ಉದ್ದ ಸಾಲದು. ಎದುರು ಗಾಡಿ ಬಂದ ಕೂಡಲೇ ಅದು ಎಡಕ್ಕೆ, ಮಕ್ಕಳ ಮೇಲೆ, ಒತ್ತಿಕೊಂಡು ಬರುತ್ತದೆ. ನಡುವೆ ಜಾಗವಿದ್ದರೆ ಒಂದೊಂದೇ ತಂಡ ದಾಟಿ ಒಳಗೆ ಸೇರಿಕೊಳ್ಳುತ್ತದೆ. ತಂಡದೊಳಗೆ ಅತಿ ನಿಧಾನದ ಮಗು ಎರಡನೇ ಜಾಗದಲ್ಲಿರಲಿ. ಕೊನೆಗೆ ಹಾಕಿದರೆ ಅದು ಇನ್ನೂ ಹಿಂದೆ ಬೀಳುತ್ತದೆ. ಎರಡನೆಯದಾಗಿ ಇದ್ದರೆ ಮುಂದಿನವನ ಚಕ್ರ ನೋಡಿಕೊಂಡು ತುಳಿಯುತ್ತದೆ, ಹಿಂದಿನವರು ತಾವಾಗಿ ವೇಗ ಇಳಿಸುತ್ತಾರೆ.

ಎಣಿಕೆಗೆ ಹೆಸರು ಕರೆಯುತ್ತ ಕೂರಬೇಡಿ. ಪ್ರತಿ ಮಗುವಿಗೂ ಒಂದು ನಂಬರ್, ಒಬ್ಬ ಜೊತೆಗಾರ. ಹೊರಡುವ ಮೊದಲು ಒಂದರಿಂದ 24ರವರೆಗೆ ಅವರೇ ಕೂಗಿಕೊಳ್ಳಬೇಕು. ಅರ್ಧ ನಿಮಿಷದ ಕೆಲಸ. ಒಂದು ನಂಬರ್ ಬರದಿದ್ದರೆ ಜೊತೆಗಾರನಿಗೆ ಗೊತ್ತಿರುತ್ತದೆ.

ಜೊತೆಗೆ ಬರುವ ಗಾಡಿ

ಗೂಡ್ಸ್ ಪಿಕಪ್ ಅಗ್ಗಕ್ಕೆ ಸಿಗುತ್ತದೆ, ಐದಾರು ಸೈಕಲ್ಲೂ ಹಿಡಿಸುತ್ತದೆ. ಆದರೆ ಸುಸ್ತಾದ ಮಗುವನ್ನು ಅದರ ಹಿಂದೆ ಕೂರಿಸುವಂತಿಲ್ಲ, ಕಾನೂನೂ ಒಪ್ಪುವುದಿಲ್ಲ. ಮೇಲೆ ಕ್ಯಾರಿಯರ್ ಇರುವ ಟೆಂಪೋ ಟ್ರಾವೆಲರ್ ಅಥವಾ ಅಂಥ ಪ್ರಯಾಣಿಕರ ಗಾಡಿ ದುಬಾರಿಯಾದರೂ ಅದೇ ಬೇಕು. ಸೈಕಲ್ ಮಲಗಿಸುವಾಗ ಚೈನು ಇರುವ ಬಲಮಗ್ಗುಲು ಮೇಲಿರಲಿ. ಕೆಳಗಾದರೆ ಹಿಂದಿನ ಗೇರ್ ಸಿಕ್ಕಿಸಿರುವ ಕೊಂಡಿ ಬಾಗುತ್ತದೆ. ಮುಂದೆ ಮಗು ಅತಿ ಹಗುರ ಗೇರಿಗೆ ಹಾಕಿದಾಗ ಆ ಗೇರು ಸ್ಪೋಕಿಗೆ ಸಿಕ್ಕಿ ಚಕ್ರವೇ ಹಾಳಾಗುತ್ತದೆ.

ಗಾಡಿ ಸೈಕಲ್ ಸಾಲಿನ ಹಿಂದೆ ತೆವಳುತ್ತ ಬರಬಾರದು. ಕಾವಲು ಕಾಯುತ್ತಿದೆ ಎಂದು ಅನ್ನಿಸಿದರೂ ಅದರ ಹಿಂದೆ ವಾಹನಗಳ ಸಾಲು ಬೆಳೆದು, ತಾಳ್ಮೆಗೆಟ್ಟವರು ತಿರುವಿನಲ್ಲೇ ನುಗ್ಗುತ್ತಾರೆ. ಕೊನೆಯ ಸೈಕಲ್ ಹೊರಟ ಮೇಲೆ ಹತ್ತು ನಿಮಿಷ ನಿಂತಲ್ಲೇ ನಿಂತು, ಆಮೇಲೆ ಎಲ್ಲರನ್ನೂ ದಾಟಿ ಮುಂದಿನ ನಿಲುಗಡೆಗೆ ಹೋಗಿ ಕಾಯಲಿ. ಕಾಡಿನ ನಡುವೆ ಮೊಬೈಲ್ ಸಿಗ್ನಲ್ ಎಲ್ಲ ಕಡೆ ನಂಬುವಂತಿಲ್ಲ, ಆದ್ದರಿಂದ ಫೋನ್ ಇಲ್ಲದೆ ನಡೆಯುವ ಒಂದು ನಿಯಮ ಇರಲಿ: ಗೊತ್ತುಮಾಡಿದ ಹೊತ್ತಿಗಿಂತ ಅರ್ಧ ತಾಸು ತಡವಾದರೆ ಗಾಡಿ ತಾನಾಗಿ ಹಿಂದಿರುಗಿ ಬರಬೇಕು.

ಸೈಕಲ್

ಮಕ್ಕಳು ತರುವ ಸೈಕಲ್ಲುಗಳಲ್ಲಿ ಎರಡು ಬಗೆ. ಎಂಟನೇ ತರಗತಿಯಲ್ಲಿ ಸರ್ಕಾರ ಕೊಡುತ್ತಿದ್ದಂಥ ಗೇರಿಲ್ಲದ ಗಟ್ಟಿ ಸೈಕಲ್ ಒಂದು, ದಪ್ಪ ಟಯರಿನ ಗೇರ್ ಸೈಕಲ್ ಇನ್ನೊಂದು. ಮೊದಲನೆಯದನ್ನು ಕೀಳಾಗಿ ನೋಡಬೇಡಿ. ಅದರಲ್ಲಿ ಕೆಡುವ ಭಾಗ ಕಡಿಮೆ, ಯಾವ ಹಳ್ಳಿಯ ಸೈಕಲ್ ಅಂಗಡಿಯಲ್ಲೂ ಬಿಡಿಭಾಗ ಸಿಗುತ್ತದೆ. ಅಗ್ಗದ ಗೇರ್ ಸೈಕಲ್ಲೇ ದಾರಿಯಲ್ಲಿ ಹೆಚ್ಚು ಕಾಡುವುದು.

ತಪಾಸಣೆ ಹೊರಡುವುದಕ್ಕೆ ಒಂದು ವಾರ ಮೊದಲು ಆಗಬೇಕು, ಬೆಳಿಗ್ಗೆಯಲ್ಲ. ಟಯರಿನ ಪಕ್ಕದಲ್ಲಿ ನೂಲು ಕಾಣಿಸುತ್ತಿದ್ದರೆ ಟಯರ್ ಬದಲಿಸಿ. ಬ್ರೇಕ್ ರಬ್ಬರಿನ ಗೀರುಗಳು ಸವೆದು ಸಪಾಟಾಗಿದ್ದರೆ ಹೊಸದು ಹಾಕಿ. ರಬ್ಬರ್ ರಿಮ್ಮಿಗೆ ಮಾತ್ರ ತಾಗಬೇಕು, ಟಯರಿಗೆ ತಾಗಿದರೆ ಒಂದೇ ದಿನಕ್ಕೆ ಟಯರ್ ಕೊರೆದುಬಿಡುತ್ತದೆ. ಚಕ್ರವನ್ನು ಎತ್ತಿ ತಿರುಗಿಸಿ, ಪಕ್ಕಕ್ಕೆ ಅಲುಗಾಡಿಸಿ ನೋಡಿ. ಚಕ್ರದ ನಡುವಿನ ಹಬ್ ಅಲುಗಾಡುತ್ತಿದ್ದರೆ ಅದರ ಅಚ್ಚಿನ ಮೇಲಿರುವ ಕೋನ್ ಎಂಬ ನಟ್ಟು ಬಿಗಿ ಮಾಡಬೇಕು. ಸ್ಪೋಕುಗಳನ್ನು ಎರಡೆರಡಾಗಿ ಹಿಂಡಿ ನೋಡಿದರೆ ಸಡಿಲವಾದದ್ದು ಕೈಗೇ ಗೊತ್ತಾಗುತ್ತದೆ. ಚೈನಿಗೆ ಹೊಲಿಗೆ ಮಷಿನ್ನಿನ ಎಣ್ಣೆ ಸಾಕು: ಕೊಂಡಿಗೊಂದು ಹನಿ ಬಿಟ್ಟು, ಹತ್ತು ನಿಮಿಷ ಬಿಟ್ಟು ಬಟ್ಟೆಯಿಂದ ಒರೆಸಿ. ಒರೆಸದೆ ಬಿಟ್ಟರೆ ಧೂಳು ಹಿಡಿದು ಮರುದಿನ ಚೈನು ಕರಕರ ಎನ್ನುತ್ತದೆ. ರಿಮ್ಮಿಗೆ ಎಣ್ಣೆ ಸಿಡಿದರೆ ಬ್ರೇಕ್ ಇಲ್ಲದ ಹಾಗೇ.

ಹಳೆಯ ಬಗೆಯ ಸೈಕಲ್ಲಿನಲ್ಲಿ ಪೆಡಲಿನ ಕೈಗಳನ್ನು ಹಿಡಿದಿರುವುದು ಕಾಟರ್ ಪಿನ್. ತುಳಿಯುವಾಗ ಪ್ರತಿ ಸುತ್ತಿಗೂ "ಕಟಕ್" ಎಂದು ಒಂದು ಕಡೆ ಜಾರಿದಂತಾದರೆ ಅದು ಸಡಿಲವಾಗಿದೆ ಎಂದರ್ಥ. ಬರೀ ನಟ್ಟು ತಿರುಗಿಸಿದರೆ ಸಾಲದು, ಎರಡು ಕಿಲೋಮೀಟರಿಗೆ ಮತ್ತೆ ಅದೇ ಕಥೆ. ಪೆಡಲಿನ ಕೈಯ ಕೆಳಗೆ ಗಟ್ಟಿ ಕಲ್ಲು ಕೊಟ್ಟು, ಪಿನ್ನಿನ ದಪ್ಪ ತಲೆಗೆ ಸುತ್ತಿಗೆಯಿಂದ ಎರಡು ಪೆಟ್ಟು ಹಾಕಿ ಒಳಗೆ ಕೂರಿಸಿ, ಆಮೇಲೆ ನಟ್ಟು ಬಿಗಿಯಬೇಕು. ಕಲ್ಲು ಕೊಡದೆ ಹೊಡೆದರೆ ಪೆಟ್ಟು ಒಳಗಿನ ಬೇರಿಂಗಿಗೆ ಬೀಳುತ್ತದೆ. ಗೇರ್ ಸೈಕಲ್ಲಿನಲ್ಲಿ ಪೆಡಲನ್ನೇ ನೋಡಿ. ಎಡ ಪೆಡಲಿನ ಮರೆ (ತಿರುಪಿನ ಸುತ್ತುಗೆರೆ) ಉಲ್ಟಾ, ಎಡಕ್ಕೆ ತಿರುಗಿಸಿದರೆ ಬಿಗಿಯಾಗುತ್ತದೆ. ಸಡಿಲ ಪೆಡಲಿನಲ್ಲಿ ಹತ್ತು ಕಿಲೋಮೀಟರ್ ಹೋದರೆ ಅಲ್ಯುಮಿನಿಯಂ ಕೈಯ ಮರೆ ಕಿತ್ತುಬರುತ್ತದೆ, ಅದಕ್ಕೆ ರಸ್ತೆಯಲ್ಲಿ ಮದ್ದಿಲ್ಲ. ಸೈಕಲ್ ಗಾಡಿ ಹತ್ತಬೇಕು.

ಸೀಟಿನ ಎತ್ತರದ ಬಗ್ಗೆ ಮಕ್ಕಳು ವಾದ ಮಾಡುತ್ತಾರೆ, ಬಿಟ್ಟುಕೊಡಬೇಡಿ. ಎರಡೂ ಕಾಲು ಪೂರ್ತಿ ನೆಲಕ್ಕೆ ತಾಗುವಂತೆ ತಗ್ಗಿಸಿಕೊಂಡಿರುತ್ತಾರೆ. ಶಾಲೆಗೆ ಹೋಗಿಬರಲು ಅದು ನಡೆಯುತ್ತದೆ, 60 ಕಿಲೋಮೀಟರಿಗೆ ಮಂಡಿ ಹಿಡಿದುಕೊಳ್ಳುತ್ತದೆ. ಹಿಮ್ಮಡಿ ಪೆಡಲಿನ ಮೇಲಿಟ್ಟು ಅದನ್ನು ಕೆಳಗೆ ಒತ್ತಿದಾಗ ಕಾಲು ನೇರವಾಗಬೇಕು. ಅದೇ ಸರಿಯಾದ ಎತ್ತರ. ಒಂದೇ ಸಲ ಏರಿಸಿದರೆ ಹೆದರುತ್ತಾರೆ. ವಾರ ಮೊದಲು ಅರ್ಧ, ಎರಡು ದಿನ ಬಿಟ್ಟು ಇನ್ನರ್ಧ. ಸೀಟಿನ ಕೊಳವೆಯ ಮೇಲಿರುವ ಕನಿಷ್ಠ ಗೆರೆ ಮಾತ್ರ ಹೊರಗೆ ಕಾಣಬಾರದು.

ಗಾಳಿ ಎಷ್ಟು ಎಂಬುದು ಟಯರಿನ ಪಕ್ಕದಲ್ಲೇ ಅಚ್ಚಾಗಿರುತ್ತದೆ. ದಪ್ಪ ಟಯರಿಗೆ 40ರಿಂದ 50 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಡಾಂಬರಿಗೆ ಚೆನ್ನ. ಹೆಬ್ಬೆರಳಿನಿಂದ ಒತ್ತಿದರೆ ತಗ್ಗುವ ಟಯರ್ ಮಗುವಿನ ಕಾಲಿನ ಶಕ್ತಿಯನ್ನೆಲ್ಲ ತಿನ್ನುತ್ತದೆ. "ಈ ಹುಡುಗನಿಗೆ ದಮ್ಮಿಲ್ಲ" ಎಂದು ತೀರ್ಮಾನಿಸುವ ಮೊದಲು ಅವನ ಹಿಂದಿನ ಟಯರ್ ಒತ್ತಿ ನೋಡಿ, ಚಕ್ರ ಎತ್ತಿ ತಿರುಗಿಸಿ ಬ್ರೇಕ್ ಉಜ್ಜುತ್ತಿದೆಯೇ ನೋಡಿ.

ಹಿಂದೆ ಬರುವವರ ಚೀಲದಲ್ಲಿ ಇಷ್ಟಿರಲಿ: ಬಂದಿರುವ ಟಯರಿನ ಪ್ರತಿ ಅಳತೆಗೂ ಎರಡೆರಡು ಟ್ಯೂಬು, ಹತ್ತು ಪ್ಯಾಚು, ಅವನ್ನು ಅಂಟಿಸುವ ಸೊಲ್ಯೂಷನ್ ಎರಡು, ಉಪ್ಪು ಕಾಗದ, ಮೂರು ಟಯರ್ ಲಿವರ್, ಎರಡೂ ಬಗೆಯ ವಾಲ್ವಿಗೆ ಹೊಂದುವ ಪಂಪು, ಹಳೆ ಬಗೆಯ ವಾಲ್ವಿನ ಮೇಲೆ ಏರಿಸುವ ತೆಳು ರಬ್ಬರ್ ಕೊಳವೆಯ (ವಾಲ್ ಟ್ಯೂಬ್) ಒಂದು ಅಡಿ ತುಂಡು, 10 ಮತ್ತು 15 ಎಂಎಂ ಸ್ಪ್ಯಾನರ್, 4, 5, 6 ಎಂಎಂ ಅಲೆನ್ ಕೀ, ಸ್ಕ್ರೂಡ್ರೈವರ್, ಕಟಿಂಗ್ ಪ್ಲೇಯರ್, ಸಣ್ಣ ಸುತ್ತಿಗೆ, ಚೈನ್ ಕತ್ತರಿಸುವ ಟೂಲ್, ಎರಡು ಬ್ರೇಕ್ ಕೇಬಲ್, ಒಂದು ಜೊತೆ ಬ್ರೇಕ್ ರಬ್ಬರ್, ಕಬ್ಬಿಣದ ತಂತಿ. ಸೊಲ್ಯೂಷನ್ ಟ್ಯೂಬನ್ನು ಒಮ್ಮೆ ಒಡೆದರೆ ಕೆಲವು ವಾರಕ್ಕೆ ಒಣಗುತ್ತದೆ. ಹಳೆಯದನ್ನು ನಂಬಿ ಹೋಗಬೇಡಿ.

ದಿನದ ಲೆಕ್ಕ

5:30ಕ್ಕೆ ಏಳುವುದು. 6ಕ್ಕೆ ಎರಡು ಬಾಳೆಹಣ್ಣು, ಒಂದು ಲೋಟ ಹಾಲು ಅಥವಾ ಚಹಾ. ಹೊಟ್ಟೆ ತುಂಬ ತಿಂಡಿ ಈಗ ಬೇಡ. 6:15ಕ್ಕೆ ಪ್ರತಿ ಮಗು ತನ್ನ ಸೈಕಲ್ ತಾನೇ ನೋಡಿಕೊಳ್ಳಬೇಕು: ಗಾಳಿ, ಎರಡು ಬ್ರೇಕು, ಎರಡು ಚಕ್ರದ ನಟ್ಟು, ಸೀಟು, ಹ್ಯಾಂಡಲ್. ಹ್ಯಾಂಡಲ್ ನೋಡಲು ಮುಂದಿನ ಚಕ್ರವನ್ನು ಮೊಣಕಾಲುಗಳ ನಡುವೆ ಹಿಡಿದು ತಿರುಚಿದರೆ ಸಾಕು. 6:45ಕ್ಕೆ ಎಣಿಕೆ, ನಿಯಮ, 7ಕ್ಕೆ ಹೊರಡುವುದು. ಮಂಜು ಬಿದ್ದಿದ್ದರೆ, ನೂರು ಮೀಟರ್ ಆಚೆ ಕಾಣದಿದ್ದರೆ, ಕಾಣುವವರೆಗೆ ಕಾಯಿರಿ.

ಹೆಗಲಿಗೆ ಚೀಲ ಬೇಡ, ಎಲ್ಲ ಗಾಡಿಗೆ. ಸೊಂಟಕ್ಕೆ ಕಟ್ಟಿದ ಸ್ವೆಟರ್, ಜೋತಾಡುವ ವೇಲ್, ಬಿಚ್ಚಿದ ಶೂ ಲೇಸ್ ಇವೆಲ್ಲ ಚೈನಿಗೆ ಸಿಗುವಂಥವು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಹಿಂದಕ್ಕೆ ಜಾರಿದ ಹೆಲ್ಮೆಟ್ ಇದ್ದೂ ಇಲ್ಲದ ಹಾಗೆ.

ಮೊದಲ ನಿಲುಗಡೆ ಐದನೇ ಕಿಲೋಮೀಟರಿಗೇ, ಊರು ದಾಟಿದ ಕೂಡಲೇ. ಇದು ದಣಿವಿಗಲ್ಲ. ಸ್ವೆಟರ್ ತೆಗೆಯಬೇಕೆನ್ನುವವರು, ಸೀಟು ತಿರುಗಿತು ಎನ್ನುವವರು, ಚೈನು ಶಬ್ದ ಬರುತ್ತಿದೆ ಎನ್ನುವವರು ಎಲ್ಲ ಇಲ್ಲೇ ಬಾಯಿ ಬಿಡುತ್ತಾರೆ. ಇಲ್ಲಿ ನಿಲ್ಲದಿದ್ದರೆ ಒಬ್ಬೊಬ್ಬರಾಗಿ ಹತ್ತು ಸಲ ನಿಲ್ಲಿಸುತ್ತಾರೆ.

8:20ರ ಸುಮಾರಿಗೆ ಸಕ್ರೆಬೈಲು. ತಿಂಡಿ ಇಲ್ಲೇ. ಬಿಡಾರದಲ್ಲಿ ಆನೆಗಳಿಗೆ ಸ್ನಾನ ಮಾಡಿಸುವುದು ಬೆಳಗಿನ ಹೊತ್ತಿನಲ್ಲಿ, ಹಾಗಾಗಿ ಸಮಯ ಹೊಂದುತ್ತದೆ. ಆದರೆ ಆನೆ ನೋಡುತ್ತ ನಿಂತ ಮಕ್ಕಳನ್ನು ಎಬ್ಬಿಸುವುದು ಸುಲಭವಲ್ಲ. ಇಡೀ ದಿನದಲ್ಲಿ ಹೊತ್ತು ಜಾರುವ ಮುಖ್ಯ ಜಾಗ ಇದೇ. ಮೊದಲು ಆನೆ, ಆಮೇಲೆ ತಿಂಡಿ ಎಂದು ಕ್ರಮ ಇಟ್ಟುಕೊಳ್ಳಿ. ಹಸಿದವರು ತಾವಾಗಿ ಗಾಡಿಯ ಹತ್ತಿರ ಬಂದು ಸೇರುತ್ತಾರೆ, ಅಲ್ಲೇ ಎಣಿಕೆ ಮುಗಿಸಿ 9:20ಕ್ಕೆ ಹೊರಡಬಹುದು.

ಮುಂದಿನ 16 ಕಿಲೋಮೀಟರಿಗೆ ನಡುವೆ ಒಂದೇ ನಿಲುಗಡೆ, ಹತ್ತು ನಿಮಿಷ. 11ಕ್ಕೆ ಮಂಡಗದ್ದೆ, ನೀರು ತುಂಬಿಸಿ 20 ನಿಮಿಷದಲ್ಲಿ ಹೊರಡಿ. ಊಟ ಅಲ್ಲಿಂದ 12-13 ಕಿಲೋಮೀಟರ್ ಮುಂದೆ, 12:35ರ ಸುಮಾರಿಗೆ. ಹಿಂದಿನ ವಾರವೇ ಹೋಗಿ ಒಂದು ಶಾಲೆಯ ಜಗಲಿಯನ್ನೋ ದೇವಸ್ಥಾನದ ಅಂಗಳವನ್ನೋ ಕೇಳಿಟ್ಟಿರಿ. ನೆರಳು, ನೀರು, ಶೌಚಾಲಯ ಮೂರೂ ಇರಬೇಕು. ಹುಡುಗಿಯರಿಗೆ ಶೌಚಾಲಯ ಎಲ್ಲೆಲ್ಲಿ ಎಂಬುದನ್ನು ನೋಡಿಕೊಂಡೇ ನಿಲುಗಡೆಗಳನ್ನು ಗೊತ್ತುಮಾಡಬೇಕು. ಇಲ್ಲದಿದ್ದರೆ ಅವರು ಬೆಳಗಿನಿಂದ ನೀರನ್ನೇ ಕುಡಿಯುವುದಿಲ್ಲ, ಮಧ್ಯಾಹ್ನಕ್ಕೆ ತಲೆನೋವು ಶುರುವಾಗುತ್ತದೆ. 1:40ಕ್ಕೆ ಹೊರಟರೆ ಉಳಿದ 17 ಕಿಲೋಮೀಟರಿಗೆ ಎರಡು ಸಣ್ಣ ನಿಲುಗಡೆ ಸೇರಿಸಿ 3:30ಕ್ಕೆ ತೀರ್ಥಹಳ್ಳಿ. ಕತ್ತಲಿಗೆ ಎರಡು ತಾಸಿನ ಮೇಲೆ ಉಳಿಯಿತು. ಆ ಎರಡು ತಾಸು ಪಂಕ್ಚರಿಗೆ, ಮಳೆಗೆ, ಬಿದ್ದವರಿಗೆ ಮೀಸಲು. ಬೆಳಿಗ್ಗೆ ಫೋಟೋ ತೆಗೆಯಲು ಅದನ್ನು ಖರ್ಚು ಮಾಡಬಾರದು. 4:30ಕ್ಕೂ ಹತ್ತು ಕಿಲೋಮೀಟರಿಗಿಂತ ಹೆಚ್ಚು ಉಳಿದಿದ್ದರೆ ಹಿಂದಿನ ತಂಡವನ್ನು ಗಾಡಿಗೆ ಹತ್ತಿಸಿ ಕಳಿಸಿ, ಸೈಕಲ್ಲುಗಳನ್ನು ಎರಡನೇ ಸಲಕ್ಕೆ ತನ್ನಿ.

ನಿಲುಗಡೆ ಮುಗಿಸುವ ಬಗೆ ಹೀಗೆ: ಮುಗಿಯಲು ಮೂರು ನಿಮಿಷ ಇರುವಾಗ ಒಂದು ಸೀಟಿ, ಅಂದರೆ ಹೆಲ್ಮೆಟ್ ತಲೆಗೆ. ಎರಡನೇ ಸೀಟಿಗೆ ಸೈಕಲ್ ಕೈಯಲ್ಲಿ, ನಂಬರ್ ಕೂಗುವುದು. ಮೂರನೆಯದಕ್ಕೆ ಮೊದಲ ತಂಡ ಹೊರಡುತ್ತದೆ. ರಸ್ತೆಯ ಮೇಲೆ ಮಾತ್ರ ಒಂದೇ ಉದ್ದ ಸೀಟಿ ಎಂದರೆ ಎಲ್ಲರೂ ಎಡಕ್ಕೆ ಇಳಿದು ನಿಲ್ಲುವುದು. ನಿಲ್ಲುವುದು ಯಾವತ್ತೂ ಡಾಂಬರಿನಿಂದ ಪೂರ್ತಿ ಆಚೆ, ತಿರುವಿನಿಂದ ದೂರ, ಏರಿನ ತುದಿ ದಾಟಿದ ಮೇಲೆ.

ರಸ್ತೆಯ ಮೇಲೆ

ಡಾಂಬರಿನ ಅಂಚಿನಿಂದ ಎರಡು ಅಡಿ ಒಳಗೆ ಹೋಗಲು ಹೇಳಿ. ಪೂರ್ತಿ ಅಂಚಿನಲ್ಲಿ ಹೋದರೆ ಬಸ್ಸಿನ ಹಾರ್ನ್ ಕೇಳಿದ ಕೂಡಲೇ ಚಕ್ರ ಮಣ್ಣಿಗೆ ಜಾರುತ್ತದೆ. ಮಳೆಗೆ ಮಣ್ಣು ಕೊಚ್ಚಿಹೋದ ಕಡೆ ಅಂಚು ನಾಲ್ಕೈದು ಇಂಚು ಎತ್ತರ ಇರುತ್ತದೆ. ಜಾರಿದ ಮಗು ಹ್ಯಾಂಡಲ್ ಸ್ವಲ್ಪವೇ ಬಲಕ್ಕೆ ತಿರುಗಿಸಿ ಮತ್ತೆ ಹತ್ತಲು ನೋಡುತ್ತದೆ, ಚಕ್ರ ಅಂಚಿಗೆ ಉಜ್ಜಿ ರಸ್ತೆಯ ನಡುವಿಗೇ ಬೀಳುತ್ತದೆ. ಗುಂಪು ಪ್ರವಾಸದಲ್ಲಿ ಹೆದರಬೇಕಾದ ಬೀಳುವಿಕೆ ಇದೇ. ಜಾರಿದರೆ ಜಾರಿದಲ್ಲೇ ನೇರ ಹೋಗಿ ನಿಲ್ಲಬೇಕು, ಇಳಿದು ಸೈಕಲ್ ಎತ್ತಿ ಇಡಬೇಕು. ಶಾಲೆಯ ಮೈದಾನದಲ್ಲಿ ಹಲಗೆಯೊಂದನ್ನು ಮಲಗಿಸಿ ಇದನ್ನು ಮೊದಲೇ ಅಭ್ಯಾಸ ಮಾಡಿಸಿ.

ಸುಗ್ಗಿಯ ಕಾಲವಾದ್ದರಿಂದ ರಸ್ತೆಯ ಮೇಲೆ ಭತ್ತದ ಹುಲ್ಲು ಹರಡಿರಬಹುದು. ಹುಲ್ಲು ಚೈನಿಗೂ ಗೇರಿಗೂ ಸುತ್ತಿಕೊಂಡರೆ ಬಿಡಿಸಲು ಕಾಲು ಗಂಟೆ. ಇಳಿದು ತಳ್ಳಿಕೊಂಡು ದಾಟಿಸಿ. ನಾಯಿ ಬೆನ್ನು ಹತ್ತಿದರೆ ಜೋರಾಗಿ ತುಳಿಯುವುದು, ಕಾಲು ಬೀಸುವುದು ಎರಡೂ ತಪ್ಪು. ತುಳಿಯುವುದು ನಿಲ್ಲಿಸಿ, ಗಟ್ಟಿಯಾಗಿ ಗದರಿದರೆ ಬಹಳಷ್ಟು ನಾಯಿಗಳು ಅಲ್ಲೇ ಉಳಿಯುತ್ತವೆ.

ಏರಿಗೆ ಮೊದಲೇ ಹಗುರ ಗೇರಿಗೆ ಬರಬೇಕು. ಏರಿನ ನಡುವೆ, ಎದ್ದು ನಿಂತು ತುಳಿಯುತ್ತ ಗೇರ್ ಬದಲಿಸಿದರೆ ಚೈನು ಕಳಚುತ್ತದೆ, ಹಳೆಯದಾದರೆ ತುಂಡಾಗುತ್ತದೆ. ಗೇರಿಲ್ಲದವರು ಇಳಿದು ತಳ್ಳಲಿ. ಇಳಿಜಾರಿನಲ್ಲಿ ಸೈಕಲ್ಲಿನಿಂದ ಸೈಕಲ್ಲಿಗೆ ಐದು ಸೈಕಲ್ ಉದ್ದದ ಅಂತರ, ತಿರುವಿಗೆ ಮೊದಲೇ ಬ್ರೇಕು, ಎರಡೂ ಒಟ್ಟಿಗೆ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕ್, ಆದರೂ ಪ್ರತಿ ಸೈಕಲ್ಲಿನಲ್ಲೂ ನೋಡಿ ಹೇಳಿಕೊಡಿ. ರಿಮ್ಮು ಒದ್ದೆಯಾಗಿದ್ದರೆ ರಬ್ಬರ್ ಮೊದಲು ನೀರು ಒರೆಸಬೇಕು, ಆಮೇಲೇ ಹಿಡಿತ. ಕೇಬಲ್ ಬದಲು ಕಬ್ಬಿಣದ ಸಲಾಕೆಯಿಂದ ಎಳೆಯುವ ಬ್ರೇಕಿನ ಹಳೆ ಸೈಕಲ್ ಮಳೆಯಲ್ಲಿ ಇಳಿಜಾರಿಗೆ ಬೇಡವೇ ಬೇಡ.

ಪಂಕ್ಚರ್

ಪಂಕ್ಚರ್ ಆದ ಮಗು, ಅದರ ಜೊತೆಗಾರ, ಹಿಂದೆ ಬರುವವರು, ಈ ಮೂವರು ಮಾತ್ರ ನಿಲ್ಲಬೇಕು. ಉಳಿದವರು ಮುಂದಿನ ನಿಲುಗಡೆಗೆ ಹೋಗಲಿ. 24 ಜನ ಸುತ್ತ ನಿಂತು ನೋಡಿದರೆ ಪಂಕ್ಚರ್ ಬೇಗ ಮುಗಿಯುವುದಿಲ್ಲ.

ಗೇರ್ ಸೈಕಲ್ಲಾದರೆ ಚಕ್ರ ಕಳಚಿ ಟ್ಯೂಬನ್ನೇ ಬದಲಿಸಿ, ಹತ್ತು ನಿಮಿಷದ ಕೆಲಸ. ತೂತಾದ ಟ್ಯೂಬಿಗೆ ಪ್ಯಾಚು ಊಟದ ಹೊತ್ತಿನಲ್ಲಿ ಹಾಕಬಹುದು. ಚೈನ್ ಕವರ್, ಸ್ಟ್ಯಾಂಡ್, ಕ್ಯಾರಿಯರ್ ಇರುವ ಸಾದಾ ಸೈಕಲ್ಲಿನ ಹಿಂದಿನ ಚಕ್ರ ಕಳಚಲು ಹೋಗಬೇಡಿ, ಅದನ್ನು ಬಿಚ್ಚಿ ಕೂರಿಸುವುದರಲ್ಲಿ ಅರ್ಧ ತಾಸು ಹೋಗುತ್ತದೆ. ಸೈಕಲ್ ಅಂಗಡಿಯವರು ಮಾಡುವ ಹಾಗೆ ಮಾಡಿ: ಟಯರಿನ ಒಂದು ಮಗ್ಗುಲನ್ನು ಲಿವರಿನಿಂದ ಎಬ್ಬಿಸಿ, ಟ್ಯೂಬನ್ನು ಹೊರಗೆಳೆದು, ಗಾಳಿ ಹಾಕಿ, ಕೆನ್ನೆಯ ಹತ್ತಿರ ಹಿಡಿದು ಎಲ್ಲಿ ಗಾಳಿ ಬರುತ್ತದೆ ನೋಡಿ. ತೂತಿನ ಸುತ್ತ ಪ್ಯಾಚಿಗಿಂತ ಸ್ವಲ್ಪ ದೊಡ್ಡದಾಗಿ ಉಪ್ಪು ಕಾಗದದಿಂದ ಹೊಳಪು ಹೋಗುವಂತೆ ಉಜ್ಜಿ, ಸೊಲ್ಯೂಷನ್ ತೆಳ್ಳಗೆ ಸವರಿ, ನಾಲ್ಕೈದು ನಿಮಿಷ ಕಾಯಿರಿ. ಎಲ್ಲರೂ ಕೆಡಿಸುವುದು ಇಲ್ಲೇ. ಹಸಿಯಾಗಿರುವಾಗಲೇ ಪ್ಯಾಚು ಹಚ್ಚಿದರೆ ಅದು ಜಾರಿ ಐದು ಕಿಲೋಮೀಟರಿಗೆ ಎದ್ದುಬರುತ್ತದೆ. ಬೆರಳಿಗೆ ಅಂಟದ ಹಾಗಾದ ಮೇಲೆ ಪ್ಯಾಚಿಟ್ಟು, ಸುತ್ತಿಗೆಯ ಹಿಡಿಯಿಂದ ಒತ್ತಿ.

ಟ್ಯೂಬು ಒಳಗೆ ಹಾಕುವ ಮೊದಲು ಟಯರಿನ ಒಳಗೋಡೆಯ ಮೇಲೆ ಪೂರ್ತಿ ಒಂದು ಸುತ್ತು ಬಟ್ಟೆ ಎಳೆಯಿರಿ. ಈ ಕಾಡಿನ ರಸ್ತೆಯಲ್ಲಿ ಬಿದಿರು ಮುಳ್ಳಿನ ತುದಿ ಟಯರಿನಲ್ಲೇ ಮುರಿದು ಉಳಿದಿರುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಟ್ಟರೆ ಅದೇ ಜಾಗದಲ್ಲಿ ಮತ್ತೆ ಪಂಕ್ಚರ್. ಟಯರನ್ನು ಕೂರಿಸುವಾಗ ವಾಲ್ವಿನ ಎದುರು ಬದಿಯಿಂದ ಶುರುಮಾಡಿ ವಾಲ್ವಿನಲ್ಲಿ ಮುಗಿಸಿ, ಹೆಬ್ಬೆರಳಿನಿಂದಲೇ. ಲಿವರ್ ಬಳಸಿದರೆ ಟ್ಯೂಬನ್ನು ಚಿವುಟಿ ಹೊಸ ತೂತು ಮಾಡುತ್ತದೆ. ತೂತು ಸಿಗದಿದ್ದರೂ ಗಾಳಿ ಇಳಿಯುತ್ತಿದ್ದರೆ ಹಳೆ ಬಗೆಯ ವಾಲ್ವಿನ ವಾಲ್ ಟ್ಯೂಬ್ ಬಿರುಕು ಬಿಟ್ಟಿರುತ್ತದೆ. ಒಂದು ಇಂಚು ತುಂಡು ಕತ್ತರಿಸಿ, ಎಂಜಲು ಹಚ್ಚಿ ಏರಿಸಿದರೆ ಮುಗಿಯಿತು.

ಅನ್ನ, ನೀರು

ಒಟ್ಟು 30 ಜನ ಎಂದು ಲೆಕ್ಕ. ಬೆಳಗಿನ ಅವಲಕ್ಕಿಗೆ ತಲೆಗೆ 100 ಗ್ರಾಂ, ಅಂದರೆ 3 ಕಿಲೋ. ಮಧ್ಯಾಹ್ನ ಚಿತ್ರಾನ್ನ, ಮೊಸರನ್ನಕ್ಕೆ ಸೇರಿ ತಲೆಗೆ 150 ಗ್ರಾಂ ಅಕ್ಕಿ, 4.5 ಕಿಲೋ. ಪುಟ್ಟಬಾಳೆ ತಲೆಗೆ ನಾಲ್ಕು, 120. ಕಡಲೆ ಚಿಕ್ಕಿ ತಲೆಗೆ 100 ಗ್ರಾಂ, ಎರಡು ಕಂತಿನಲ್ಲಿ. ಪೂರಿ, ಬೋಂಡ ಮಧ್ಯಾಹ್ನಕ್ಕೆ ಬೇಡ; ಎಣ್ಣೆ ಹೊಟ್ಟೆಯಲ್ಲಿ ಕೂತರೆ ಊಟದ ನಂತರದ ಏರು ಯಾರಿಗೂ ಹತ್ತದು. ಹೋಟೆಲಿನಲ್ಲೇ ಊಟ ಎಂದಾದರೆ ಹಿಂದಿನ ದಿನ ಹೇಳಿಟ್ಟಿರಿ, 30 ಜನ ಏಕಾಏಕಿ ಹೋಗಿ ಕೂತರೆ ಒಂದೂವರೆ ತಾಸು ಅಲ್ಲೇ.

ನೀರು ತಲೆಗೆ 3 ಲೀಟರ್, 90 ಲೀಟರ್. 20 ಲೀಟರಿನ ಎರಡು ಕ್ಯಾನ್ ಗಾಡಿಯಲ್ಲಿಟ್ಟು ದಾರಿಯಲ್ಲಿ ತುಂಬಿಸಿಕೊಳ್ಳಿ. ತಾಸಿಗೆ ಅರ್ಧ ಲೀಟರ್ ಕುಡಿಯಬೇಕು, ಬಾಯಾರಿಕೆ ಆಗುವವರೆಗೆ ಕಾಯಬಾರದು. ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟರೆ ಬೇಡ ಎನ್ನುವವರಿಲ್ಲ. ಓಆರ್‌ಎಸ್ ಪೊಟ್ಟಣ ಮುಗಿದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಅಳತೆ ಮೀರಬಾರದು.

ಬೆಳಗಿನಿಂದ ವಟಗುಟ್ಟುತ್ತಿದ್ದ ಮಗು ಇದ್ದಕ್ಕಿದ್ದಂತೆ ಸುಮ್ಮನಾಗಿ, ಸೈಕಲ್ ಅತ್ತಿತ್ತ ಓಲಾಡತೊಡಗಿದರೆ ಅದು ಹಸಿವು. ಬೆಲ್ಲವೋ ಬಾಳೆಹಣ್ಣೋ ಕೊಟ್ಟು ಹತ್ತು ನಿಮಿಷ ಕೂರಿಸಿದರೆ ಸರಿಹೋಗುತ್ತದೆ. ತಲೆನೋವು, ವಾಂತಿ, ಬಿಸಿಲಲ್ಲೂ ಚಳಿ ಎಂದರೆ ನೆರಳಿಗೆ ಕರೆದೊಯ್ದು, ಮೈಗೆ ನೀರು ಹಚ್ಚಿ ಗಾಳಿ ಬೀಸಿ. ಅವತ್ತು ಆ ಮಗು ಮತ್ತೆ ಸೈಕಲ್ ಹತ್ತಬಾರದು, ಬೇಗ ಚೇತರಿಸದಿದ್ದರೆ ಆಸ್ಪತ್ರೆ. ಬಿದ್ದು ತಲೆಗೆ ಪೆಟ್ಟಾದ ಮಗುವಿಗೂ ಅದೇ ನಿಯಮ, "ಏನೂ ಆಗಿಲ್ಲ ಸರ್" ಎಂದರೂ ಸರಿ. ಮಂಪರು ಅಥವಾ ವಾಂತಿ ಕಂಡರೆ ತಡಮಾಡದೆ 108. ಮಂಡಗದ್ದೆಗೆ ಮೊದಲಾದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ, ದಾಟಿದ್ದರೆ ತೀರ್ಥಹಳ್ಳಿಯ ತಾಲ್ಲೂಕು ಆಸ್ಪತ್ರೆ ಎಂದು ಮೊದಲೇ ತೀರ್ಮಾನಿಸಿಟ್ಟಿರಿ.

ಹೊಳೆ ಮತ್ತು ಕಾಡು

ತುಂಗೆ ದಿನವಿಡೀ ಪಕ್ಕದಲ್ಲೇ ಇರುತ್ತದೆ, ಮಕ್ಕಳು ದಿನವಿಡೀ ಕೇಳುತ್ತಾರೆ. ಉತ್ತರ ಒಂದೇ: ಇಲ್ಲ. ಕಾಲು ತೊಳೆಯುವುದಕ್ಕೂ ಇಲ್ಲ. ಗಾಜನೂರಿನ ಹಿನ್ನೀರಿನಲ್ಲಿ ಆಳ ತಿಳಿಯುವುದಿಲ್ಲ, ತೀರ್ಥಹಳ್ಳಿಯ ಬಂಡೆಗಳು ಪಾಚಿ ಕಟ್ಟಿ ಜಾರುತ್ತವೆ. ಒಬ್ಬ ಇಳಿದರೆ 24 ಜನರೂ ಇಳಿಯುತ್ತಾರೆ, ಆಗ ಎಣಿಸುವವರು ಯಾರೂ ಇರುವುದಿಲ್ಲ.

ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆಯ ಕಾಲವೂ ಹೌದು. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಸುತ್ತ ಮೊದಲು ಪತ್ತೆಯಾದ ರೋಗ ಇದು, ಹರಡುವುದು ರಕ್ತ ಹೀರುವ ಉಣುಗಿನಿಂದ (ಉಣ್ಣೆ). ತರಗೆಲೆಯ ಮೇಲೆ ಕೂರುವುದು, ಪೊದೆಯ ಒಳಗೆ ಹೋಗುವುದು, ಮರದಡಿ ಟವೆಲ್ ಹಾಸಿ ಮಲಗುವುದು ಬೇಡ. ನಿಲುಗಡೆಗೆ ಸಿಮೆಂಟು ಕಟ್ಟೆ, ಜಗಲಿ, ಬಸ್ ತಂಗುದಾಣ ಆರಿಸಿ. ಪ್ರವಾಸಕ್ಕೆ ಮೊದಲು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ ದಾರಿಯಲ್ಲಿ ಮಂಗ ಸತ್ತ ಸುದ್ದಿ ಇದೆಯೇ ಕೇಳಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅವರಿಗೆ ತಿಳಿಸಿ.

ಸಂಜೆ

ತೀರ್ಥಹಳ್ಳಿ ಸೇರಿದ ಕೂಡಲೇ ಮಕ್ಕಳು ನೆಲಕ್ಕೆ ಒರಗುತ್ತಾರೆ. ಒರಗುವ ಮೊದಲು ಒಂದು ಕೆಲಸ ಮುಗಿಸಿ: ಸೈಕಲ್ಲನ್ನು ನಂಬರಿನ ಕ್ರಮದಲ್ಲಿ ನಿಲ್ಲಿಸಿ, ಏನೇನು ಶಬ್ದ, ಏನೇನು ತೊಂದರೆ ಎಂದು ಪ್ರತಿಯೊಬ್ಬರೂ ಹಿಂದೆ ಬಂದವರಿಗೆ ಬರೆಸಬೇಕು. ರಾತ್ರಿ ಊಟವಾದ ಮೇಲೆ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ, ಪೇಟೆಯ ಸೈಕಲ್ ಅಂಗಡಿಯೂ ಮುಚ್ಚಿರುತ್ತದೆ. ಮರುದಿನ ಆಗುಂಬೆಗೆ ಹೋಗುವುದಾದರೆ ಆ ಪಟ್ಟಿಯಲ್ಲಿ ಬ್ರೇಕಿನ ದೂರು ಇರುವ ಸೈಕಲ್ಲುಗಳನ್ನು ಬೇರೆ ಮಾಡಿ. ಆಗುಂಬೆಯವರೆಗಿನ ದಾರಿ ಪರವಾಗಿಲ್ಲ, ಅಲ್ಲಿಂದ ಸೋಮೇಶ್ವರಕ್ಕೆ ಇಳಿಯುವ 14 ಹಿಮ್ಮುರಿ ತಿರುವಿನ ಘಾಟಿಯಲ್ಲಿ ಮಕ್ಕಳು ಸೈಕಲ್ ಮೇಲೆ ಇಳಿಯುವುದೇ ಬೇಡ ಎಂಬುದು ನಮ್ಮ ಅಭಿಪ್ರಾಯ.

ಬಿಸಿನೀರಿನ ಸ್ನಾನ, ಬಟ್ಟೆ ಬದಲು, ಅದರ ಜೊತೆಗೇ ಉಣುಗಿನ ತಪಾಸಣೆ: ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿಯ ಜಾಗ, ಮಂಡಿಯ ಹಿಂಭಾಗ. ಕಚ್ಚಿಕೊಂಡಿದ್ದರೆ ಚಿಮಟದಿಂದ ಚರ್ಮಕ್ಕೆ ಒತ್ತಿ ಹಿಡಿದು ನೇರ ಮೇಲಕ್ಕೆ ಎಳೆಯಿರಿ, ಬೆರಳಿನಲ್ಲಿ ಹಿಚುಕಬೇಡಿ, ಸೋಪಿನಿಂದ ತೊಳೆಯಿರಿ. ಯಾವ ಮಗುವಿಗೆ ಕಚ್ಚಿತ್ತು ಎಂದು ಬರೆದಿಟ್ಟುಕೊಳ್ಳಿ. ಪ್ರವಾಸ ಮುಗಿದ ಮೇಲೆ ಎಲ್ಲ ಪೋಷಕರಿಗೂ ಒಂದು ಚೀಟಿ ಕೊಡಿ: ಮುಂದಿನ ಹತ್ತು ದಿನದೊಳಗೆ ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಅಂಗಡಿಯ ಮಾತ್ರೆ ನುಂಗಿಸಿ ಕೂರಬಾರದು, ಯಾವ ದಿನಾಂಕಕ್ಕೆ ಯಾವ ಕಾಡಿನ ದಾರಿಯಲ್ಲಿ ಹೋಗಿದ್ದರು ಎಂಬುದನ್ನು ಆ ಚೀಟಿ ತೋರಿಸಿಯೇ ವೈದ್ಯರಿಗೆ ಹೇಳಬೇಕು.